ಮಾಗಿದ್ದು, ಮಾಸಿದ್ದು, ಮುಗ್ಗಿದ್ದು

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ನಮ್ಮಜ್ಜ ಪೈಪು ಸೇದುತ್ತಿದ್ದರು, 1989ರಲ್ಲಿ ತೀರಿಕೊಂಡರು. ಮೊನ್ನೆ ಹಳೆ ಮನೆಯ ಅಟ್ಟ ಗುಡಿಸುವಾಗ ಅವರ ಟ್ರಂಕಿನಲ್ಲಿ ನಾಲ್ಕು ತಂಬಾಕಿನ ಡಬ್ಬಿಗಳು ಸಿಕ್ಕವು. ಎರಡು ಕ್ಯಾಪ್‌ಸ್ಟನ್ ನೇವಿ ಕಟ್. ಮೂರನೆಯದರ ಲೇಬಲ್ಲಿನಲ್ಲಿ ಲಟಾಕಿಯಾ ಬೆರಕೆ ಅಂತ ಓದಲಿಕ್ಕಾಯಿತು. ನಾಲ್ಕನೆಯದರ ಲೇಬಲ್ಲನ್ನು ಹುಳ ತಿಂದಿದೆ, ಅನಾನಸ್ಸಿನ ಚಿತ್ರದ ತುಣುಕು ಮಾತ್ರ ಉಳಿದಿದೆ. ಒಂದು ಕ್ಯಾಪ್‌ಸ್ಟನ್ ತೆಗೆದೆ. ತಂಬಾಕು ಕಪ್ಪಗಾಗಿತ್ತು, ಮೇಲೆ ಬಿಳಿ ಪುಡಿಯಂಥದ್ದು ಮಿನುಗುತ್ತಿತ್ತು, ವಾಸನೆ ಮಾತ್ರ ಒಣ ಅಂಜೂರದ ಹಾಗೆ ಘಮ್ಮೆಂದಿತು. ಲಟಾಕಿಯಾ ಡಬ್ಬಿ ಸಪ್ಪೆ. ಹಣ್ಣಿನ ಚಿತ್ರದ ಡಬ್ಬಿ ತುಕ್ಕು ಹಿಡಿದಿದೆ, ಒಳಗೆ ಹಸಿರು ಮಚ್ಚೆ. ತಂಬಾಕು ಹಳೆಯದಾದಷ್ಟೂ ರುಚಿ ಅನ್ನುತ್ತಾರಲ್ಲ, ಹಾಗಾದರೆ ಒಂದೇ ಟ್ರಂಕಿನಲ್ಲಿದ್ದವು ಮೂರು ಥರ ಆದದ್ದೇಕೆ? ಕೊಣನೂರಿನ ಕಡೆ ನಮ್ಮ ಭಾವ ಹೊಗೆಸೊಪ್ಪು ಬೆಳೆಯುತ್ತಾರೆ, ಅದನ್ನೇ ಜಾಡಿಯಲ್ಲಿ ಹತ್ತು ವರ್ಷ ಇಟ್ಟರೆ ಹೀಗೇ ಆಗುತ್ತದೆಯೇ? ಉಳಿದ ಒಂದು ಕ್ಯಾಪ್‌ಸ್ಟನ್ ಡಬ್ಬಿ ಏನು ಮಾಡಲಿ? ಇನ್ನೊಂದು ಮಾತು. ಅಂಜೂರದ ವಾಸನೆಯ ಆ ತಂಬಾಕನ್ನು ಅಜ್ಜಿಯ ಮುಂದೆ ಹಿಡಿದರೆ, ಮೂಸಿ ನೋಡಿ, ‘ಇದು ಅವರ ತಂಬಾಕಲ್ಲ’ ಅಂದುಬಿಟ್ಟರು. ವಯಸ್ಸಾಯಿತು, ಮರೆತಿರಬೇಕು ಅಂದುಕೊಂಡೆ.

ಉತ್ತರ: ಮೂವತ್ತೈದು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದ ಕ್ಯಾಪ್‌ಸ್ಟನ್ ಡಬ್ಬಿಯನ್ನು ‘ತೆಗೆದೆ’ ಅಂತ ಒಂದೇ ಮಾತಿನಲ್ಲಿ ಬರೆದಿದ್ದೀರಿ. ನಾನು ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ದರ್ಜೆ ನೋಡುತ್ತಾ ಮೂವತ್ತೊಂದು ವರ್ಷ ಕಳೆದವನು. ಅಷ್ಟು ಹಳೆಯ ಡಬ್ಬಿ ತೆಗೆಯುವ ಯೋಗ ನನಗೆ ಬಂದದ್ದು ಎರಡೇ ಸಲ. ಹೊಟ್ಟೆಕಿಚ್ಚನ್ನು ಪಕ್ಕಕ್ಕಿಟ್ಟು ವಿಷಯಕ್ಕೆ ಬರುತ್ತೇನೆ.

ನಮ್ಮ ಭಾಷೆಯಲ್ಲಿ ಮೂರು ಮಾತುಗಳಿವೆ. ಹಣ್ಣು ಮಾಗುತ್ತದೆ, ಬಣ್ಣ ಮಾಸುತ್ತದೆ, ಮಳೆಗಾಲದಲ್ಲಿ ಅಕ್ಕಿ ಮುಗ್ಗುತ್ತದೆ. ‘ಹಳೆಯದಾಯಿತು’ ಅನ್ನುವ ಒಂದೇ ಮಾತಿನಲ್ಲಿ ನಾವು ಈ ಮೂರನ್ನೂ ಸೇರಿಸಿಬಿಡುತ್ತೇವೆ. ನಿಮ್ಮ ಡಬ್ಬಿಗಳಲ್ಲಿ ಒಂದು ಮಾಗಿದೆ, ಒಂದು ಮಾಸಿದೆ, ಒಂದು ಮುಗ್ಗಿದೆ. ಕಳೆದ ವರ್ಷಗಳು ಮೂರಕ್ಕೂ ಅಷ್ಟೇ. ವ್ಯತ್ಯಾಸ ಇದ್ದದ್ದು ಎರಡು ಕಡೆ: ಒಳಗಿನ ಸೊಪ್ಪಿನಲ್ಲಿ ಸಕ್ಕರೆ ಎಷ್ಟಿತ್ತು, ಮುಚ್ಚಳ ಎಷ್ಟು ಬಿಗಿಯಾಗಿತ್ತು.

ಸಕ್ಕರೆಯ ಕಥೆ ತಿಳಿಯಬೇಕಾದರೆ ನಿಮ್ಮ ಭಾವನವರ ಬ್ಯಾರನ್ನಿಗೇ, ಅಂದರೆ ಸೊಪ್ಪು ಕಾಯಿಸಿ ಒಣಗಿಸುವ ಮನೆಗೇ ಹೋಗಬೇಕು. ಅರಕಲಗೂಡು, ಪಿರಿಯಾಪಟ್ಟಣ, ಹುಣಸೂರಿನ ಕಡೆ ಬೆಳೆಯುವುದು ವರ್ಜೀನಿಯಾ ಜಾತಿ. ಹೊಲದಿಂದ ಮುರಿದು ತಂದ ಹಸಿ ಸೊಪ್ಪಿನಲ್ಲಿ ಸಕ್ಕರೆ ಅಷ್ಟಕ್ಕಷ್ಟೆ, ಹೆಚ್ಚಾಗಿ ಇರುವುದು ಪಿಷ್ಟ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಏರಿಸಿ, ಮೊದಲು 32ರಿಂದ 40 ಡಿಗ್ರಿಯೊಳಗೆ ಹದವಾದ ಕಾವು ಕೊಡುತ್ತಾರೆ. ಎಲೆಗೆ ಆಗ ಇನ್ನೂ ಜೀವ ಇರುತ್ತದೆ. ಹಸಿರು ಬಿಟ್ಟು ಹಳದಿಗೆ ತಿರುಗುತ್ತಾ ತನ್ನೊಳಗಿನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ. ಅನುಭವಸ್ಥ ರೈತ ಆ ಗಳಿಗೆಯನ್ನು ಕಣ್ಣಿನಲ್ಲೇ ಹಿಡಿಯುತ್ತಾನೆ, ಕಾವು ಏರಿಸುತ್ತಾನೆ, ಎಲೆ ಒಣಗುತ್ತದೆ. ಕೊನೆಗೆ 70 ಡಿಗ್ರಿಯ ಆಸುಪಾಸಿಗೆ ಒಯ್ದು ನಡುದಂಟನ್ನೂ ಒಣಗಿಸುತ್ತಾನೆ. ಒಂದು ವಾರದೊಳಗೆ ಎಲ್ಲ ಮುಗಿಯುತ್ತದೆ. ಸಕ್ಕರೆಗೆ ಓಡಿಹೋಗಲು ಹೊತ್ತೇ ಸಿಗುವುದಿಲ್ಲ, ಎಲೆಯಲ್ಲೇ ಸಿಕ್ಕಿಬೀಳುತ್ತದೆ. ಒಳ್ಳೆಯ ವರ್ಜೀನಿಯಾದ ತೂಕದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಸಕ್ಕರೆಯೇ.

ಬರ್ಲಿ ಅನ್ನುವ ಇನ್ನೊಂದು ಜಾತಿಯಿದೆ. ಅದನ್ನು ಬೆಂಕಿಯ ಕಾವಿಲ್ಲದೆ ನೆರಳಲ್ಲಿ, ಗಾಳಿಗೆ, ಒಂದೆರಡು ತಿಂಗಳು ತೂಗುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತದೆ. ಸಾಯುವಷ್ಟರಲ್ಲಿ ತನ್ನ ಸಕ್ಕರೆಯನ್ನೆಲ್ಲ ತಾನೇ ಉಸಿರಾಡಿ ಖರ್ಚು ಮಾಡಿಕೊಂಡಿರುತ್ತದೆ. ಅದಕ್ಕೇ ಬರ್ಲಿಯನ್ನು ಎಷ್ಟು ವರ್ಷ ಇಟ್ಟರೂ ಸ್ವಲ್ಪ ಮೆದುವಾಗುತ್ತದೆ, ಅಮೋನಿಯಾದ ಘಾಟು ಇಳಿಯುತ್ತದೆ. ಅಷ್ಟೇ. ಅಂಜೂರ ಗಿಂಜೂರ ಆಗುವುದಿಲ್ಲ. ಖರ್ಚಿಗೆ ಗಂಟೇ ಇಲ್ಲದವನು ಬಡ್ಡಿ ಎಲ್ಲಿಂದ ತರುತ್ತಾನೆ?

ನಿಮ್ಮಜ್ಜನ ಕ್ಯಾಪ್‌ಸ್ಟನ್ ಹೆಚ್ಚುಕಡಿಮೆ ಪೂರ್ತಿ ವರ್ಜೀನಿಯಾ. ಎಲೆಗಳನ್ನು ಒಂದರ ಮೇಲೊಂದು ಹಾಕಿ ಭಾರದಲ್ಲಿ ಒತ್ತಿ, ಬರ್ಫಿಯಂಥ ಹಲಗೆ ಮಾಡಿ, ಆಮೇಲೆ ತೆಳ್ಳಗೆ ಹೋಳು ಹೋಳಾಗಿ ಕತ್ತರಿಸಿದ್ದು. ಹಡಗಿನವರು ಸೊಪ್ಪನ್ನು ಹಗ್ಗದಿಂದ ಬಿಗಿದು ಕಟ್ಟಿ ಬೇಕಾದಷ್ಟು ಕೊಯ್ದುಕೊಳ್ಳುತ್ತಿದ್ದರಂತೆ, ನೇವಿ ಕಟ್ ಅನ್ನುವ ಹೆಸರು ಅಲ್ಲಿಂದ ಬಂತು. ಹಾಗೆ ಒತ್ತಿದಾಗ ಎಲೆಯ ರಸ ಎಲೆಗೆ ಸೇರುತ್ತದೆ. ಬಿಡಿ ಎಳೆಗಳಿಗಿಂತ ಇದರೊಳಗೆ ಗಾಳಿ ಕಡಿಮೆ. ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಬಳೆ ಇತ್ತು, ಅದು ಕೈಕೊಡಲಿಲ್ಲ. ಮಾಗಲು ಇನ್ನೇನು ಬೇಕು?

ಒಳಗೆ ನಡೆದದ್ದೇನು ಅನ್ನುವುದನ್ನು ಕಾಫಿಯವರಾದ ನಿಮಗೆ ಹೇಳುವುದು ಸುಲಭ. ಕಾಫಿ ಬೀಜ ಹುರಿಯುವಾಗ ಹಸಿರು ಕಂದಾಗುತ್ತದೆ, ಘಮ ಏಳುತ್ತದೆ. ಬೀಜದೊಳಗಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಕಾವಿನಲ್ಲಿ ಕೂಡಿಕೊಂಡು ನೂರಾರು ಹೊಸ ಪದಾರ್ಥಗಳಾಗುವುದರಿಂದ ಆಗುವ ಕೆಲಸ ಅದು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಯ್ ಮಯಾರ್ ಹೆಸರಿನಲ್ಲೇ ಅದನ್ನು ಮಯಾರ್ ಕ್ರಿಯೆ ಅನ್ನುತ್ತಾರೆ. ಕಾಫಿಗೆ 200 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಸಾಕು. ತಂಬಾಕಿನ ಡಬ್ಬಿಯಲ್ಲಿ ಅದೇ ಜಾತಿಯ ಕೆಲಸ ನಿಮ್ಮ ಅಟ್ಟದ ತಂಪಿನಲ್ಲಿ ವರ್ಷಗಟ್ಟಲೆ ನಡೆಯಿತು. ಸೌದೆ ಉರಿಸದೆ ಹುರಿದ ಹಾಗೆ. ಅಡುಗೆಮನೆಯಲ್ಲಿ ಹಳೆ ಹುಣಸೆಹಣ್ಣಿನ ಭರಣಿ ಇದ್ದರೆ ಇಣುಕಿ ನೋಡಿ. ಹೊಸ ಹುಣಸೆ ಕೆಂಪು ಕಂದು, ಹಲ್ಲು ಚಳುಕುವ ಹುಳಿ. ಮೂರು ವರ್ಷದ್ದು ಕಪ್ಪು, ಹುಳಿಯಲ್ಲೇ ಒಂದು ದುಂಡುತನ. ನಿಮ್ಮ ತಂಬಾಕು ಕಪ್ಪಗಾದದ್ದೂ ಹಾಗೆಯೇ, ಕೆಟ್ಟು ಅಲ್ಲ.

ಇಲ್ಲೊಂದು ವಿಚಿತ್ರವಿದೆ, ದರ್ಜೆ ನೋಡುವ ಹುಡುಗರಿಗೆ ನಾನು ಹೇಳಿದಾಗೆಲ್ಲ ನಂಬುತ್ತಿರಲಿಲ್ಲ. ತಂಬಾಕು ಮಾಗಿದಷ್ಟೂ ಅದರೊಳಗಿನ ಸಕ್ಕರೆ ಕಡಿಮೆಯಾಗುತ್ತದೆ, ನಾಲಗೆಗೆ ಸಿಹಿ ಮಾತ್ರ ಹೆಚ್ಚಾದ ಹಾಗೆ ತೋರುತ್ತದೆ. ಸಕ್ಕರೆ ಖರ್ಚಾಗಿ ಪರಿಮಳವಾಗಿರುತ್ತದೆ. ಮೂಗು ಅದನ್ನು ಒಣದ್ರಾಕ್ಷಿ, ಜೋನಿಬೆಲ್ಲ ಅಂತ ಗುರುತಿಸಿ ನಾಲಗೆಗೆ ಸಿಹಿ ಅಂತ ಹೇಳಿಬಿಡುತ್ತದೆ. ಜೊತೆಗೆ ಎಲೆಯನ್ನು ಹಳದಿ ಮಾಡಿದ ಕ್ಯಾರೋಟಿನ್ ಇದೆಯಲ್ಲ, ಕ್ಯಾರೆಟ್ಟಿಗೂ ಮಾವಿನಹಣ್ಣಿಗೂ ಬಣ್ಣ ಕೊಡುವುದು ಅದೇ ಬಳಗ. ಅದು ನಿಧಾನವಾಗಿ ಒಡೆದು ಹೂವಿನ, ಹಣ್ಣಿನ ವಾಸನೆಯ ಚೂರುಗಳಾಗುತ್ತದೆ. ಅವುಗಳಲ್ಲಿ ಡಮಾಸೆನೋನ್ ಅನ್ನುವುದನ್ನು ಮೊದಲು ಗುರುತಿಸಿದ್ದು ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ. ಗುಲಾಬಿಗೂ ಹೊಗೆಸೊಪ್ಪಿಗೂ ಎಲ್ಲಿಯ ನೆಂಟಸ್ತಿಕೆ ಅಂತ ಕೇಳಬೇಡಿ, ಇದೆ.

ಈ ಮಾಗುವಿಕೆ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಡಬ್ಬಿ ಮುಚ್ಚಿದ ಮೊದಲ ಕೆಲವು ತಿಂಗಳು ಒಳಗೆ ಉಳಿದ ಸ್ವಲ್ಪ ಗಾಳಿಯಲ್ಲಿ ಸೂಕ್ಷ್ಮಜೀವಿಗಳು ಓಡಾಡುತ್ತವೆ, ಆಮ್ಲಜನಕ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕೆಲವು ಡಬ್ಬಿಗಳ ಹೊಟ್ಟೆ ಉಬ್ಬುವುದು ಇದರಿಂದಲೇ. ಬೆರಕೆಯಲ್ಲಿರುವ ಬೇರೆ ಬೇರೆ ಸೊಪ್ಪುಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲವೂ ಇದೇ, ನಿನ್ನೆಯ ಸಾರು ಇವತ್ತು ರುಚಿಯಾಗುವ ಹಾಗೆ. ಒಂದೆರಡು ವರ್ಷಕ್ಕೆ ಹುಲ್ಲಿನ ಹಸಿ ವಾಸನೆ ಹೋಗಿ ನಾಲಗೆ ಚುರುಗುಟ್ಟುವುದು ತಗ್ಗುತ್ತದೆ. ಐದನೇ ವರ್ಷದ ಹೊತ್ತಿಗೆ ಯಾರಿಗಾದರೂ ಗೊತ್ತಾಗುವಷ್ಟು ಬದಲಾವಣೆ. ಹತ್ತರ ನಂತರ ಹೆಜ್ಜೆ ನಿಧಾನ. ಇಪ್ಪತ್ತು ಮೂವತ್ತು ದಾಟಿದ ಮೇಲೆ ದುಂಡುತನ ಇರುತ್ತದೆ, ಕಸುವು ಇಳಿಯುತ್ತಾ ಹೋಗುತ್ತದೆ. ನನ್ನನ್ನು ಕೇಳಿದರೆ ವರ್ಜೀನಿಯಾಕ್ಕೆ ಏಳರಿಂದ ಹದಿನೈದರವರೆಗೆ ಭರ್ತಿ ಯೌವನ. ನಲವತ್ತು ವರ್ಷದ್ದು ಅಂತ ಕಣ್ಣರಳಿಸುವವರು ಹೆಚ್ಚಾಗಿ ವಯಸ್ಸಿಗೆ ಮರುಳಾಗಿರುತ್ತಾರೆ, ರುಚಿಗಲ್ಲ.

ಬಿಳಿ ಪುಡಿಗೆ ಹೆದರಬೇಡಿ, ಆದರೆ ಸುಮ್ಮನೆ ನಂಬಲೂ ಬೇಡಿ. ಭೂತಗನ್ನಡಿ ಹಿಡಿದು ನೋಡಿ. ಹರಳು ಹರಳಾಗಿ, ಕೋನ ಕೋನವಾಗಿ ಬೆಳಕಿಗೆ ಮಿಂಚಿದರೆ ಅದು ಎಲೆಯೊಳಗಿಂದ ಮೇಲೆ ಬಂದು ಗಟ್ಟಿಯಾದದ್ದು. ಒಳ್ಳೆಯ ಒತ್ತು ತಂಬಾಕಿನಲ್ಲಿ ಸಾಮಾನ್ಯ. ಹತ್ತಿಯ ಎಳೆಯ ಹಾಗೆ ನವಿರಾಗಿ, ಮಂಕಾಗಿ, ದಂಟಿನ ಗುಂಟ ಹರಡಿಕೊಂಡಿದ್ದರೆ ಬೂಷ್ಟು. ಕಣ್ಣಿಗಿಂತ ಮೂಗು ಬೇಗ ತೀರ್ಪು ಕೊಡುತ್ತದೆ. ಮಿನುಗುತ್ತಿತ್ತು, ಅಂಜೂರದ ಹಾಗೆ ಘಮ್ಮೆಂದಿತು ಅಂತ ನೀವೇ ಬರೆದಿರುವುದರಿಂದ ನಿಮ್ಮದು ಹರಳೇ ಇರಬೇಕು.

ಇನ್ನು ಸಪ್ಪೆಯಾದ ಡಬ್ಬಿ. ಲಟಾಕಿಯಾ ಅನ್ನುವುದು ಮೂಲದಲ್ಲಿ ಸಿರಿಯಾದ ಒಂದು ಬಂದರಿನ ಹೆಸರು. ಈಗ ಈ ಸೊಪ್ಪು ಬರುವುದು ಸೈಪ್ರಸ್ಸಿನಿಂದ. ಬಿಸಿಲಲ್ಲಿ ಒಣಗಿಸಿದ ಚಿಕ್ಕೆಲೆಯ ಸೊಪ್ಪನ್ನು ಮುಚ್ಚಿದ ಮನೆಯಲ್ಲಿ ತೂಗುಹಾಕಿ, ಕೆಳಗೆ ಪರಿಮಳದ ಸೌದೆ ಸೊಪ್ಪು ಹಾಕಿ, ಉರಿಯಲು ಬಿಡದೆ ದಿನಗಟ್ಟಲೆ ಹೊಗೆ ಹಾಕುತ್ತಾರೆ. ಒಲೆಯ ಮೇಲಿನ ಅಟ್ಟದಲ್ಲಿ ನಮ್ಮ ಮಲೆನಾಡಿನವರು ಮಳೆಗಾಲಕ್ಕೆ ಮೀನು, ಮಾಂಸ ಒಣಗಿಸುತ್ತಿದ್ದರಲ್ಲ, ಅದೇ ಕಾಡುಹೊಗೆಯ ವಾಸನೆ. ಇದರ ಸೊಗಸೆಲ್ಲ ಹೊರಗಿನಿಂದ ಬಂದು ಅಂಟಿಕೊಂಡದ್ದು, ಒಳಗೆ ಹುಟ್ಟಿದ್ದಲ್ಲ. ಅಂಟಿಕೊಂಡದ್ದು ಕಾಲ ಕಳೆದಂತೆ ಬಿಡುತ್ತದೆ. ಹೊಸತರಲ್ಲಿ ಕಂಬಳಿಯಂತೆ ದಪ್ಪಗಿದ್ದ ಹೊಗೆಯ ವಾಸನೆ ಐದಾರು ವರ್ಷಕ್ಕೆ ಮೆತ್ತಗಾಗಿ ಬೆರಕೆಯೊಳಗೆ ಕರಗುತ್ತದೆ, ಅನೇಕರಿಗೆ ಆಗಲೇ ಇಷ್ಟ. ಆಮೇಲೆ ಸವೆಯುತ್ತಲೇ ಹೋಗುತ್ತದೆ. ಬೆರಕೆಯಲ್ಲಿ ವರ್ಜೀನಿಯಾ ಎಷ್ಟಿತ್ತೋ ಅಷ್ಟರ ಮಟ್ಟಿಗೆ ಅಡಿಯಲ್ಲಿ ಸ್ವಲ್ಪ ಸಿಹಿ ಉಳಿದಿರುತ್ತದೆ. ನಿಮ್ಮದು ಮೂವತ್ತೈದು ದಾಟಿದೆ. ಅದು ಕೆಟ್ಟಿಲ್ಲ, ಮಾಸಿದೆ.

ಒಂದು ಪರೀಕ್ಷೆ ಮಾತ್ರ ಮಾಡಿ. ಸಪ್ಪೆ ಅಂದಿರಲ್ಲ, ಎಳೆ ಬೆರಳಿಗೆ ಪುಡಿಯಾಗುತ್ತದೆಯೇ, ಇಲ್ಲ ಬಳುಕುತ್ತದೆಯೇ? ಪುಡಿಯಾದರೆ ಮುಚ್ಚಳದ ಸಂದಿಯಲ್ಲಿ ತೇವವೂ ಪರಿಮಳವೂ ಒಟ್ಟಿಗೇ ಹೊರಟುಹೋಗಿವೆ, ಲಟಾಕಿಯಾ ಪಾಪ ಏನು ಮಾಡೀತು. ಒಣಗಿದ ತಂಬಾಕು ಮಾಗುವುದೂ ಇಲ್ಲ, ಒಳಗಿನ ಕ್ರಿಯೆಗಳಿಗೆ ತೇವ ಬೇಕೇ ಬೇಕು. ಮತ್ತೆ ನೀರು ತಾಗಿಸಿದರೆ ಮೆದು ಬರುತ್ತದೆ, ಹೋದ ವಾಸನೆ ಬರುವುದಿಲ್ಲ.

ಹಣ್ಣಿನ ಚಿತ್ರದ ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮೇಲಿನಿಂದ ಹಣ್ಣಿನ ಸುವಾಸನೆ ಸಿಂಪಡಿಸಿದ ಜಾತಿ. ಹಾಕಿದ ಅತ್ತರು ಕಾಲಕ್ಕೆ ಹಾರಿಹೋಗುತ್ತದೆ, ಕೆಲವು ಸಲ ಸಾಬೂನಿನಂಥ ವಾಸನೆ ಉಳಿಯುತ್ತದೆ, ಆದ್ದರಿಂದ ಇಂಥದ್ದನ್ನು ಮಾಗಿಸಲು ಇಡುವವರು ಕಡಿಮೆ. ತೇವ ಹಿಡಿದಿಡಲು ಪದಾರ್ಥ ಸೇರಿಸಿರುವುದೂ ಉಂಟು. ಆ ಹಸಿಗೆ ತುಕ್ಕಿನ ತೂತಿನಿಂದ ಗಾಳಿಯೂ ಸೇರಿತು. ಹಸಿರು ಮಚ್ಚೆ ಕಂಡ ಮೇಲೆ ಬಿಸಿಲಿಗೆ ಹಾಕುತ್ತೇನೆ, ಮೇಲಿನದು ತೆಗೆದು ಅಡಿಯದು ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ಮೂಗಿನ ಹತ್ತಿರ ಒಯ್ಯದೆ ಡಬ್ಬಿ ಸಮೇತ ಹೂತುಬಿಡಿ.

ಈಗ ಭಾವನವರ ಸೊಪ್ಪಿನ ವಿಷಯ. ಮೊದಲು ಕಾನೂನು. 1976ರಲ್ಲಿ ತಂಬಾಕು ಮಂಡಳಿ ಬಂದ ಮೇಲೆ ವರ್ಜೀನಿಯಾ ಬೆಳೆಯುವವರು ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಮಾರುವುದು ಹರಾಜು ಮಾರುಕಟ್ಟೆಯಲ್ಲೇ. ಹಾಗಾಗಿ ಭಾವನವರಿಂದ ಒಂದು ಬೇಲ್ ಕೊಂಡು ತರುತ್ತೇನೆ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅವರಿಗೇ ತೊಂದರೆ.

ಕಾನೂನು ಬದಿಗಿಟ್ಟರೂ ಉತ್ತರ ನೀವು ಅಂದುಕೊಂಡಷ್ಟು ಸಿಹಿಯಲ್ಲ. ನಮ್ಮ ಕಡೆಯ ಸೊಪ್ಪು ಮುಂಗಾರಿನ ಮಳೆಯಲ್ಲಿ ಹಗುರ ಮಣ್ಣಿನಲ್ಲಿ ಬೆಳೆಯುವುದು. ಎಲೆ ತೆಳು, ಬಣ್ಣ ಚಂದ, ರುಚಿ ತಟಸ್ಥ. ಸಿಗರೇಟಿನ ಬೆರಕೆಯಲ್ಲಿ ಬೇರೆ ಸೊಪ್ಪಿನ ರುಚಿಗೆ ಅಡ್ಡ ಬಾರದೆ ಒಡಲು ತುಂಬುತ್ತದೆ ಅನ್ನುವುದಕ್ಕೇ ವ್ಯಾಪಾರಿಗಳಿಗೆ ಅದು ಬೇಕು. ನಾನು ಅದರ ಅನ್ನ ತಿಂದವನು, ಹಗುರಾಗಿ ಮಾತಾಡುವುದಿಲ್ಲ. ಆದರೆ ಪೈಪಿಗೆ ಬೇಕಾದ ಮೈಕಟ್ಟು ಅದರಲ್ಲಿ ಕಡಿಮೆ. ಗಂಜಿಗೆ ಒಳ್ಳೆಯ ಅಕ್ಕಿ ಬೇರೆ, ಪುಳಿಯೋಗರೆಗೆ ಬೇರೆ.

ಬ್ಯಾರನ್ನಿನಿಂದ ಇಳಿಸಿದ ಸೊಪ್ಪು ನೇರವಾಗಿ ಜಾಡಿಗೆ ಹೋಗುವಂಥದ್ದೂ ಅಲ್ಲ. ರೈತರು ಕೆಲವು ವಾರ ಅಟ್ಟಿ ಹಾಕಿ, ಮಗುಚಿ, ಹದ ತರುತ್ತಾರೆ. ಹರಾಜಾದ ಮೇಲೆ ಕಾರ್ಖಾನೆಯಲ್ಲಿ ದಂಟು ಬೇರ್ಪಡಿಸಿ, ಒಮ್ಮೆ ಪೂರ್ತಿ ಒಣಗಿಸಿ, ಮತ್ತೆ ಲೆಕ್ಕವಾಗಿ ತೇವ ಕೊಟ್ಟು ನೂರಕ್ಕೆ 11-12ರ ಹತ್ತಿರ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಬಿಗಿದು ಒಂದೆರಡು ವರ್ಷ ಗೋದಾಮಿನಲ್ಲಿ ಕೂರಿಸುತ್ತಾರೆ. ಕಾಫಿ ಬೇಳೆಯನ್ನು ನೀವು 10-11ಕ್ಕೆ ನಿಲ್ಲಿಸುವುದೂ ಇದೇ ಭಯಕ್ಕೆ ತಾನೇ? ಅಂಥ ಗೋದಾಮಿನ ಬಾಗಿಲು ಎರಡನೇ ಬೇಸಿಗೆಯಲ್ಲಿ ತೆಗೆದಾಗ ಬರುವ ವಾಸನೆಯನ್ನು ನಾನು ಇವತ್ತಿಗೂ ಕನಸಿನಲ್ಲಿ ಮೂಸುತ್ತೇನೆ. ಬೆಲ್ಲದ ಅಚ್ಚುಮನೆಯೂ ಹೊಸ ಹುಲ್ಲಿನ ಬಣವೆಯೂ ಅಕ್ಕಪಕ್ಕ ಇದ್ದ ಹಾಗೆ.

ಮನೆಯಲ್ಲಿ ಮಾಗಿಸಿದ ಅನುಭವ ನನಗೂ ಇದೆ, ಹೆಮ್ಮೆಪಡುವಂಥದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಕಲೇಶಪುರದ ನಮ್ಮ ಮಾವನ ಮನೆಯಲ್ಲಿ, ಉಪ್ಪಿನಕಾಯಿ ಖಾಲಿಯಾದ ಒಂದು ಪಿಂಗಾಣಿ ಭರಣಿ ತೊಳೆದು, ಒಳ್ಳೆಯ ಪೈಪು ತಂಬಾಕು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟೆ. ಅದೂ ಜುಲೈ ತಿಂಗಳಲ್ಲಿ. ಮಾವಿನಕಾಯಿ ಮಿಡಿಯನ್ನು ವರ್ಷಗಟ್ಟಲೆ ಕಾಯುವ ಭರಣಿ ಇದನ್ನು ಕಾಯದೇ ಅಂದುಕೊಂಡೆ. ಮಿಡಿಯನ್ನು ಕಾದದ್ದು ಉಪ್ಪು, ಭರಣಿಯಲ್ಲ ಅನ್ನುವುದು ಹೊಳೆಯಲಿಲ್ಲ. ದೀಪಾವಳಿಗೆ ತೆಗೆದರೆ ಅರ್ಧ ಬೂಷ್ಟು, ಉಳಿದರ್ಧಕ್ಕೆ ಇಂಗಿನ ವಾಸನೆ. ಅತ್ತೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಭರಣಿಗಾಗಿ.

ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ನೀವು ತೆಗೆದ ಕ್ಯಾಪ್‌ಸ್ಟನ್ನಿಗೆ ಈಗಲೇ ಬೇಕಾಗುತ್ತದೆ. ಡಬ್ಬಿ ತೆಗೆದ ಗಳಿಗೆಯಿಂದ ಮೂವತ್ತೈದು ವರ್ಷದ ಒಳಗಿನ ಲೋಕ ಮುಗಿಯಿತು, ಗಾಳಿ ಹೊಕ್ಕಿತು. ಮತ್ತೆ ಮುಚ್ಚಿದರೂ ಅದು ಮೊದಲಿನ ಹಾಗೆ ಮುಂದುವರಿಯುವುದಿಲ್ಲ. ಆ ಹಳೆ ಡಬ್ಬಿಯಲ್ಲೇ ಬಿಟ್ಟರೆ ಕೆಲವೇ ವಾರಗಳಲ್ಲಿ ಘಮ ಇಳಿಯುತ್ತದೆ. ರಬ್ಬರ್ ಬಳೆಯಿರುವ ಗಾಜಿನ ಜಾಡಿ ತನ್ನಿ, ದೊಡ್ಡದು ಒಂದರ ಬದಲು ಚಿಕ್ಕವು ಎರಡು ಮೂರು. ಒಂದನ್ನು ತೆಗೆದಾಗ ಉಳಿದವು ತಮ್ಮ ಪಾಡಿಗೆ ಇರಲಿ. ಕುದಿನೀರಿನಲ್ಲಿ ತೊಳೆದು ಪೂರ್ತಿ ಆರಿಸಿ, ಹನಿ ನೀರೂ ಉಳಿಯಬಾರದು. ಬಿಸಿಲು ಬೀಳದ ಮರದ ಕಪಾಟಿನಲ್ಲಿಡಿ. ಫ್ರಿಜ್ಜು ಬೇಡ. ಒಲೆಯ ಹತ್ತಿರವೂ ಬೇಡ, ಕಾವು ಏರಿದರೆ ಮಾಗುವುದು ಬೇಗ ಆಗುತ್ತದೆ ನಿಜ, ಆದರೆ ಬೇಯಿಸಿದ ಜಡ ರುಚಿ ಬರುತ್ತದೆ. ಹಾಸನ, ಚಿಕ್ಕಮಗಳೂರಿನ ಮನೆಯೊಳಗಿನ ತಂಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಕಷ್ಟವೆಲ್ಲ ತೇವದ್ದು.

ಗಾಜಿನೊಳಗೆ ಮುಚ್ಚಿಟ್ಟ ತಂಬಾಕಿಗೆ ಹೊರಗಿನ ಮಳೆ ಏನೂ ಮಾಡುವುದಿಲ್ಲ. ಜಾಡಿ ತುಂಬುವ, ತೆಗೆಯುವ ಆ ಹತ್ತು ನಿಮಿಷದಲ್ಲೇ ಅನಾಹುತ. ತಂಬಾಕು ಉಪ್ಪಿನ ಹಾಗೆ ಗಾಳಿಯ ತೇವ ಕುಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆಯ ಗಾಳಿ ಹೇಗಿರುತ್ತದೆ ಅಂತ ನಿಮ್ಮ ಚಪ್ಪಲಿ, ಬೆಲ್ಟು ನೋಡಿದರೆ ಗೊತ್ತು. ಆ ಗಾಳಿ ಸೇರಿಸಿ ಮುಚ್ಚಿದರೆ ಬೂಷ್ಟಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಮುಂಗಾರಿನ ಗಾಳಿಯನ್ನು ಬೇಕೆಂದೇ ಕುಡಿಸಿ ಬೀಜವನ್ನು ಉಬ್ಬಿಸಿ, ಹುಳಿ ಇಳಿಸಿ, ಮಾನ್ಸೂನ್ಡ್ ಮಲಬಾರ್ ಅಂತ ಹೊಸ ರುಚಿ ತರುವ ಕೈಚಳಕ ಕಾಫಿಗೆ ಒಪ್ಪುತ್ತದೆ, ತಂಬಾಕಿಗೆ ಇಲ್ಲ. ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನ ಈ ಕೆಲಸ ಇಟ್ಟುಕೊಳ್ಳಿ. ಹದ ಹೇಗಿರಬೇಕೆಂದರೆ ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಮುದ್ದೆಯಾಗಿ, ಬಿಟ್ಟರೆ ನಿಧಾನವಾಗಿ ಬಿಚ್ಚಿಕೊಳ್ಳಬೇಕು. ಬೆರಳು ಒದ್ದೆ ಅನ್ನಿಸಬಾರದು, ಚುರುಚುರು ಸದ್ದೂ ಬರಬಾರದು. ಆಲೂಗಡ್ಡೆ ಚೂರು, ಬಾಳೆಲೆ ತುಂಡು ಜಾಡಿಗೆ ಹಾಕಿ ತೇವ ಕೊಡುವ ಉಪಾಯ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಕಿವಿಗೊಡಬೇಡಿ. ಬೂಷ್ಟು ಬರುವುದೇ ಅದರಿಂದ.

ಬಿಡಿ ಸೊಪ್ಪು ಇಡುವವರಿಗೆ ಇನ್ನೊಂದು ಶತ್ರು ಉಂಟು, ಎಳ್ಳಿನಷ್ಟು ಗಾತ್ರದ ಕಂದು ಹುಳ. ಅರಿಸಿನ, ಒಣಶುಂಠಿಯ ಚೀಲದಲ್ಲಿ ಸೂಜಿ ಚುಚ್ಚಿದಂಥ ತೂತು ಮಾಡುವುದು ಇದೇ. ನಿಕೋಟಿನ್ನನ್ನೇ ಅರಗಿಸಿಕೊಳ್ಳುವ ಅದರ ಹೊಟ್ಟೆಗೆ ನಮಸ್ಕಾರ.

ಆರೋಗ್ಯದ ಮಾತು ಆಡದಿದ್ದರೆ ನನಗೆ ಸಮಾಧಾನವಿಲ್ಲ. ಮಾಗಿದ ತಂಬಾಕು ಗಂಟಲಿಗೆ ಮೆದು, ಹಾಗಾಗಿ ದೇಹಕ್ಕೂ ಮೆದು ಅಂತ ಪೈಪಿನವರಲ್ಲಿ ಒಂದು ನಂಬಿಕೆಯಿದೆ. ಅದು ಸುಳ್ಳು. ನಿಕೋಟಿನ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹೊಗೆಯ ಘಾಟು ಕಡಿಮೆಯಾಗಿ ಚುಚ್ಚುವುದು ನಿಂತಿರುತ್ತದೆ, ಅಷ್ಟೇ. ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಹದ ಮಾಡುವಾಗ ಹುಟ್ಟುತ್ತವೆ. ಬರ್ಲಿಯಂಥ ಗಾಳಿಗೆ ಒಣಗಿಸಿದ ಸೊಪ್ಪನ್ನು ಸೆಕೆಯಲ್ಲಿ, ತೇವದಲ್ಲಿ ಬಹಳ ಕಾಲ ಇಟ್ಟರೆ ಹೆಚ್ಚಲೂ ಬಹುದು. ಹೊಗೆಯನ್ನು ಒಳಗೆಳೆಯದೆ ಬಾಯಲ್ಲೇ ಆಡಿಸಿ ಬಿಡುವ ಪೈಪಿನವರಿಗೂ ತುಟಿ, ನಾಲಗೆ, ಗಂಟಲಿನ ಕ್ಯಾನ್ಸರ್ ಬರುತ್ತದೆ. ಎಂಟು ವರ್ಷದ ಹಿಂದೆ ನನ್ನ ಕೆನ್ನೆಯ ಒಳಬದಿಯಲ್ಲಿ ಬಿಳಿ ಮಚ್ಚೆ ಕಂಡ ಡಾಕ್ಟರು ಪೈಪು ಬಿಡಿಸಿದರು. ಈಗ ನಾನು ಬರೀ ಮೂಸುವವನು. ಡಾಕ್ಟರ ಈ ತಕರಾರು ಹೊಸದೇನಲ್ಲ. ಸುಮಾರು 1604-05ರಲ್ಲಿ ಅಸದ್ ಬೇಗ್ ಎಂಬ ಅಧಿಕಾರಿ ಅಕ್ಬರನ ಆಸ್ಥಾನಕ್ಕೆ ತಂಬಾಕನ್ನೂ ರತ್ನ ಕೆತ್ತಿದ ಕೊಳವೆಯನ್ನೂ ಒಯ್ದದ್ದು ನಮ್ಮ ಬಿಜಾಪುರದಿಂದಲೇ. ಬಾದಶಹ ಎರಡು ದಮ್ಮು ಎಳೆಯುವಷ್ಟರಲ್ಲಿ ಹಕೀಮರು ಅಡ್ಡ ಬಂದು ಸಾಕು ಅಂದರು ಅಂತ ಅಸದ್ ಬೇಗನೇ ಬರೆದಿಟ್ಟಿದ್ದಾನೆ.

ಉಳಿದ ಡಬ್ಬಿಯ ವಿಷಯ. ಮಾರುವ ಆಲೋಚನೆ ಬೇಡ. ಹೊರದೇಶಗಳಲ್ಲಿ ಇಂಥದ್ದಕ್ಕೆ ಹಣ ಸುರಿಯುವ ಸಂಗ್ರಾಹಕರಿದ್ದಾರೆ, ಆದರೆ ನಮ್ಮಲ್ಲಿ 2009ರಿಂದ ಚಿತ್ರದ ಎಚ್ಚರಿಕೆ ಇಲ್ಲದ ತಂಬಾಕಿನ ಪೊಟ್ಟಣ ಮಾರುವಂತಿಲ್ಲ, ನಿಮ್ಮಜ್ಜನ ಡಬ್ಬಿಯಲ್ಲಿ ಅದು ಎಲ್ಲಿಂದ ಬರಬೇಕು? ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಣಗಿದ ತೊಗರಿಕಾಯಿಯ ಹಾಗೆ ಗಲಗಲ ಅಂದರೆ ಒಳಗೆ ಬತ್ತಿಹೋಗಿದೆ. ಮೆತ್ತಗೆ ಧೊಪ್ ಅಂದರೆ ಜೀವ ಇದೆ. ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡಂತಿದ್ದರೂ, ಸ್ವಲ್ಪ ಉಬ್ಬಿದ್ದರೂ ಬಳೆ ಭದ್ರವಾಗಿದೆ ಅಂತಲೇ ಅರ್ಥ. ಅಂಚಿನಲ್ಲಿ ತುಕ್ಕು ಶುರುವಾಗಿದ್ದರೆ ಮಾತ್ರ ಕಾಯಬೇಡಿ. ಇಲ್ಲದಿದ್ದರೆ ಬರುವ ಫೆಬ್ರವರಿಯವರೆಗೆ ಟ್ರಂಕಿನಿಂದ ತೆಗೆದು ಒಣ ಕಪಾಟಿನಲ್ಲಿಡಿ. ತೆಗೆಯುವಾಗ ಅಂಚಿಗೆ ನಾಣ್ಯ ಕೊಟ್ಟು ತಿರುಗಿಸಿ, ‘ಉಸ್’ ಅನ್ನುವುದನ್ನು ಕೇಳಿಸಿಕೊಳ್ಳಿ. ಮೊದಲ ಉಸಿರಿಗೆ ಹುಳಿ ಬಡಿದರೆ ಗಾಬರಿಯಾಗಬೇಡಿ, ತಟ್ಟೆಯಲ್ಲಿ ಅರ್ಧ ಗಂಟೆ ಹರಡಿ ಬಿಡಿ, ಹೋಗುತ್ತದೆ.

ಇನ್ನು ಅಜ್ಜಿಯ ಮಾತು. ಅವರಿಗೆ ಮರೆವು ಬಂದಿಲ್ಲ. ನಿಮ್ಮಜ್ಜ ಡಬ್ಬಿ ತಂದ ವಾರದಲ್ಲೇ ಒಡೆದು ಸೇದುತ್ತಿದ್ದವರಿರಬೇಕು, ಆಗೆಲ್ಲ ಬಹಳ ಜನ ಹಾಗೇ. ಹೊಸ ಕ್ಯಾಪ್‌ಸ್ಟನ್ ಅಂದರೆ ಹೊಂಬಣ್ಣದ ಕಂದು, ಒಣಹುಲ್ಲಿನ ವಾಸನೆ, ಮೇಲೆ ಒಂದಿಷ್ಟು ನಿಂಬೆ ಸಿಪ್ಪೆ. ಆ ವಾಸನೆ ಅವರ ಕೋಟಿನಲ್ಲಿ, ದಿಂಬಿನಲ್ಲಿ ವರ್ಷಗಟ್ಟಲೆ ಇತ್ತು, ಅಜ್ಜಿಗೆ ಗೊತ್ತಿರುವುದು ಅದು. ನೀವು ಮೂಸಿದ ಅಂಜೂರ ಅವರು ಹೋದ ಮೇಲೆ ಆ ಟ್ರಂಕಿನಲ್ಲಿ ಹುಟ್ಟಿದ್ದು, ಅಜ್ಜ ಅದನ್ನು ಒಂದು ದಿನವೂ ಮೂಸಿರಲಿಲ್ಲ.